ಟಿಕ್‌ಟಿಕ್ ಅಕ್ಕನ ಕಿವಿ

ಮೇಸ್ತ್ರಿಗೆ ಈ ಲೋಕದಲ್ಲಿ ಗಟ್ಟಿ ನಂಬಿಕೆ ಎಂದರೆ ಸ್ಪ್ಯಾನರಿನ ಮೇಲೆ. ಕೈಗೆ ಸಿಗುವುದು, ಬಿಗಿಯಾಗುವುದು, ಸಡಿಲವಾಗುವುದು, ಮುರಿದರೆ ಮುರಿದೆ ಎಂದು ಒಪ್ಪಿಕೊಳ್ಳುವುದು, ಇಂಥ ವಸ್ತುಗಳ ಜೊತೆ ಅವನಿಗೆ ಬಹಳ ಸಲುಗೆ. ಕರೆಂಟು ಮಾತ್ರ ಆಗಿಬರುತ್ತಿರಲಿಲ್ಲ. “ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಸಿಕ್ಕಿದ್ರೆ ಒದೆಯುತ್ತೆ. ಅಂಥವರ ಸಹವಾಸ ನನಗ್ಯಾಕೆ?” ಎಂದು ಗಿರಾಕಿಗಳ ಮುಂದೆ ನಗಾಡುತ್ತಿದ್ದ. ಇಷ್ಟೆಲ್ಲ ಮಾತಾಡುವ ಮಹಾಶಯ ಕಟ್ಟಿಕೊಂಡದ್ದು ಫ್ಯಾನು, ಮಿಕ್ಸಿ ರಿಪೇರಿ ಮಾಡುವವರ ಮಗಳನ್ನು.

ಅವಳು ಮೊದಮೊದಲು ಗ್ಯಾರೇಜಿಗೆ ಬರುತ್ತಿದ್ದದ್ದು ಊಟದ ಡಬ್ಬಿ ಹಿಡಿದುಕೊಂಡು. ಅವನು ತಿಂದು ಕೈ ತೊಳೆಯುವಷ್ಟರಲ್ಲಿ ಅವಳ ಕೈ ಆಡಿ, ಕೆಟ್ಟಿದ್ದ ಯಾವುದೋ ಕಾರಿನ ಹಾರನ್ನು ಕೂಗುತ್ತಿತ್ತು, ಯಾವುದೋ ಕಾರಿನ ದೀಪ ಉರಿಯುತ್ತಿತ್ತು. ಅವನು ನೋಡಿಯೂ ನೋಡದವನಂತೆ ಇರುತ್ತಿದ್ದ. ಅದು ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರಿನ ಕಾಲ. ಒಂದು ಸ್ಕ್ರೂವನ್ನು ಅತ್ತ ಇತ್ತ ತಿರುಗಿಸಿ, ಕೆಮ್ಮುವ ಎಂಜಿನ್ನನ್ನು ತಣ್ಣಗೆ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಆಮೇಲೆ ಇಂಜೆಕ್ಟರ್ ಇರುವ ಕಾರುಗಳು ಬಂದವು. ತಿರುಗಿಸಲು ಸ್ಕ್ರೂ ಇಲ್ಲ, ಎಲ್ಲಿ ನೋಡಿದರೂ ವೈರು, ಅದೆಲ್ಲಕ್ಕೂ ಯಜಮಾನನಾಗಿ ಒಂದು ಕಂಪ್ಯೂಟರಿನ ಡಬ್ಬಿ. ಬಾನೆಟ್ ಎತ್ತಿ ಪೆಚ್ಚಾಗಿ ನಿಲ್ಲುವುದೇ ಅವನ ಕೆಲಸವಾಯಿತು.

“ಅಂಗಡಿ ಮುಚ್ಚಿಬಿಡೋಣ ಕಣೇ. ನನ್ನ ಕಾಲ ಮುಗೀತು,” ಎಂದ ಒಂದು ದಿನ.

“ಎಂಜಿನ್ ನೀವು ನೋಡ್ಕೊಳ್ಳಿ. ವೈರು ನಾನು ನೋಡ್ಕೋತೀನಿ,” ಎಂದಳು ಅವಳು. ಮರುದಿನ ಡಬ್ಬಿಯ ಜೊತೆ ಅವಳದೇ ಒಂದು ಸ್ಟೂಲು, ಮೀಟರು, ಸೋಲ್ಡರಿಂಗ್ ಕಡ್ಡಿ ಗ್ಯಾರೇಜಿಗೆ ಬಂದವು.

ಇಂಜೆಕ್ಟರ್ ಎಂದರೇನು ಎಂದು ಅವನಿಗೆ ಅರ್ಥ ಮಾಡಿಸಿದವಳೂ ಅವಳೇ. “ಒಂದು ಪುಟ್ಟ ನಲ್ಲಿ ಅನ್ಕೊಳ್ಳಿ. ಇದಕ್ಕೆ ಎರಡು ವೈರು. ಒಂದರಲ್ಲಿ ಕರೆಂಟು ಬಂದು ಬಾಗಿಲ ಹತ್ರ ಕಾಯ್ತಾ ನಿಂತಿರುತ್ತೆ. ಇನ್ನೊಂದು ಕಂಪ್ಯೂಟರಿನ ಕೈಲಿ. ಅದು ದಾರಿ ಬಿಟ್ರೆ ಒಳಗಿನ ಸೂಜಿ ಏಳುತ್ತೆ, ಪೆಟ್ರೋಲು ಚಿಮ್ಮುತ್ತೆ. ದಾರಿ ಮುಚ್ಚಿದ್ರೆ ಸೂಜಿ ಕೂರುತ್ತೆ.”

“ಎಷ್ಟು ಏಳುತ್ತೆ?”

“ಒಂದು ಕೂದಲೆಳೆಯಷ್ಟು.”

“ಎಷ್ಟು ಹೊತ್ತಿಗೊಂದ್ಸಲ?”

“ಕಾರು ರಸ್ತೇಲಿ ಓಡ್ತಾ ಇರೋವಾಗ, ನೀವು ಒಂದ್ಸಲ ಕಣ್ಣು ಮಿಟುಕಿಸೋದ್ರೊಳಗೆ ಎಷ್ಟೋ ಸಲ ಎದ್ದು ಕೂತಿರುತ್ತೆ.”

ಅವನು ಬಾಯಿ ಬಿಟ್ಟುಕೊಂಡು ಕೂತ. ಅಷ್ಟು ಸಣ್ಣದು, ಅಷ್ಟು ಬೇಗ, ಒಂದು ಸಲವೂ ತಪ್ಪದ ಹಾಗೆ! ಅಂದಿನಿಂದ ಎಂಜಿನ್ನಿನ ಮೇಲೆ ಸುತ್ತಿಗೆ ಇಡುವಾಗಲೂ ಮೆಲ್ಲಗೆ ಇಡತೊಡಗಿದ.

ಅವಳು ಆ ಸೂಜಿಯನ್ನು ಕಿವಿಯಲ್ಲೇ ಹಿಡಿಯುತ್ತಿದ್ದಳು. ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೇಲೂರಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದರೆ ಮುಗಿಯಿತು. ಸೂಜಿ ಎದ್ದು ಕೂರುವ ಟಿಕ್ ಟಿಕ್ ಅವಳ ಜೊತೆ ಮಾತಾಡುತ್ತಿತ್ತು. “ಎರಡನೇದು ಸೋಮಾರಿ. ನಾಲ್ಕನೇದಕ್ಕೆ ಕರೆಂಟು ಪೂರ್ತಿ ತಲುಪ್ತಾ ಇಲ್ಲ,” ಎನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಗಿರಾಕಿಗಳು ಅವಳಿಗೆ ಟಿಕ್‌ಟಿಕ್ ಅಕ್ಕ ಎಂದು ಹೆಸರಿಟ್ಟರು. ಮೇಸ್ತ್ರಿ ಹೊರಗೆ ಗೇಲಿ ಮಾಡಿದರೂ, ಅವಳು ಹಾಗೆ ಕಣ್ಣು ಮುಚ್ಚಿದಾಗ ಗ್ಯಾರೇಜಿನಲ್ಲಿ ಯಾರಾದರೂ ಸದ್ದು ಮಾಡಿದರೆ ಅವರನ್ನು ತಿಂದುಹಾಕುವಂತೆ ನೋಡುತ್ತಿದ್ದ.

ಅಂಥ ಕಿವಿಗೇ ಕುತ್ತು ಬಂತು. ಮೊದಲು ಒಂದು ಕಿವಿ ಮಂದವಾಯಿತು, ನಿಧಾನಕ್ಕೆ ಇನ್ನೊಂದೂ ಅದೇ ಹಾದಿ ಹಿಡಿಯಿತು. ಹೊರಗಿನ ಸದ್ದನ್ನು ಒಳಗೆ ದಾಟಿಸುವ ಪುಟ್ಟ ಮೂಳೆ ಅಲ್ಲಾಡದ ಹಾಗೆ ಬಿಗಿದುಕೊಂಡಿದೆ, ಒಳಗಿನ ನರ ಚೆನ್ನಾಗಿಯೇ ಇದೆ ಎಂದರು ಡಾಕ್ಟರು. “ಅಂದ್ರೆ ಕನೆಕ್ಟರ್ ಹೋಗಿದೆ, ವೈರು ಸರಿಯಾಗಿದೆ,” ಎಂದು ಅವಳು ನಕ್ಕಳು. ಮನೆಗೆ ಬಂದು ಅತ್ತಳು. ಆಪರೇಷನ್ ಮಾಡಿದರೆ ಸರಿಹೋಗಬಹುದು, ಇರುವುದೂ ಹೋಗಬಹುದು ಎಂದಾಗ ಬೇಡವೆಂದಳು. ಕಿವಿಗೆ ಹಾಕುವ ಯಂತ್ರ ಬಂತು. ಅದನ್ನು ಹಾಕಿಕೊಂಡು ಗ್ಯಾರೇಜಿನಲ್ಲಿ ಕೂತರೆ ಗಾಳಿ ತುಂಬುವ ಕಂಪ್ರೆಸರು, ಬೀದಿಯ ಹಾರನ್ನು, ತಗಡು ಬಡಿಯುವುದು ಎಲ್ಲವೂ ಒಂದೇ ರಾಶಿಯಾಗಿ ತಲೆಗೆ ಸುರಿಯುತ್ತಿತ್ತು. ತೆಗೆದು ಡ್ರಾಯರಿನಲ್ಲಿಟ್ಟಳು.

ಮೇಸ್ತ್ರಿ ಕೂಗಿ ಮಾತಾಡುವುದನ್ನು ಕಲಿತ. ಅವನ ಗಂಟಲು ಮೊದಲೇ ದೊಡ್ಡದು. ಅವರ ಮನೆಯ ಅಡುಗೆಗೆ ಉಪ್ಪು ಹೆಚ್ಚಾದರೆ ಇಡೀ ಬೀದಿಗೆ ಗೊತ್ತಾಗತೊಡಗಿತು. ಕೂಗಿದರೂ ಅವಳಿಗೆ ಅರ್ಧ ಮುಟ್ಟುತ್ತಿರಲಿಲ್ಲ, ಉಳಿದದ್ದಕ್ಕೆ ಕೈಸನ್ನೆ. ಕೂಗಿ ಹೇಳುವಷ್ಟು ದೊಡ್ಡದಲ್ಲದ ಮಾತುಗಳನ್ನು ಅವನು ನುಂಗಿಕೊಂಡ.

ಕೊನೆಗೊಂದು ದಿನ ಅವಳು ಹೇಳಿಯೇಬಿಟ್ಟಳು. “ಬೇರೆ ವೈರಿಂಗ್‌ನವನನ್ನ ಕರೀರಿ. ನಾನು ಮನೇಲಿರ್ತೀನಿ. ಅಂದಾಜಿನ ಮೇಲೆ ಇನ್ನೊಬ್ಬರ ಕಾರಿಗೆ ಕೈ ಹಾಕೋಳಲ್ಲ ನಾನು.” ಅವನು ವಾದಿಸಿದ, ಸಿಟ್ಟಾದ, ಊಟ ಬಿಟ್ಟ. ಅವಳು ಜಗ್ಗಲಿಲ್ಲ. ಕಡೆಗೆ ಪಕ್ಕದ ಬೀದಿಯ ಒಬ್ಬ ವೈರಿಂಗ್‌ನವನಿಗೆ ಸೋಮವಾರದಿಂದ ಬಾ ಎಂದು ಹೇಳಿ ಬಂದ. ಅವಳಿಲ್ಲದ ಗ್ಯಾರೇಜು ಅವನಿಗೆ ಬೇಕಿರಲಿಲ್ಲ. ತನಗೆ ಕೇಳಿಸದ ಗ್ಯಾರೇಜು ಅವಳಿಗೆ ಬೇಕಿರಲಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಉಳಿದ ದಿನಗಳನ್ನು ನೂಕುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಹೆರಿಗೆ ನರ್ಸಮ್ಮ ತನ್ನ ಹಳೆಯ ಕಾರನ್ನು ತಂದು ನಿಲ್ಲಿಸಿದಳು. ಮುಖದಲ್ಲಿ ಕಳೆಯೇ ಇರಲಿಲ್ಲ.

“ತಣ್ಣಗಿದ್ದಾಗ ಚೆನ್ನಾಗೇ ಓಡುತ್ತೆ ಮೇಸ್ತ್ರಿ. ಬಿಸಿಯಾಯ್ತು ಅಂದ್ರೆ ಬಿಕ್ಕಳಿಸುತ್ತೆ. ಮೊನ್ನೆ ನೋವು ತಿನ್ನೋ ಹುಡುಗೀನ ಹಿಂದೆ ಮಲಗಿಸ್ಕೊಂಡು ಹೋಗ್ತಿದ್ದೆ, ಏರಿನಲ್ಲಿ ನಿಂತೇಹೋಯ್ತು. ಹೇಗೋ ಬಚಾವಾದ್ವಿ. ಪ್ಲಗ್ ಬದಲಾಯ್ಸಿದ್ರು, ಪಂಪ್ ಬದಲಾಯ್ಸಿದ್ರು, ಮೂರನೇ ಇಂಜೆಕ್ಟರೂ ಹೊಸದು ಹಾಕಿದ್ರು. ಆದ್ರೂ ಸ್ಕ್ಯಾನರಲ್ಲಿ ಮೂರನೇ ಇಂಜೆಕ್ಟರೇ ಅಂತ ಬರುತ್ತೆ. ಅಕ್ಕ ಒಂದ್ಸಲ ನೋಡ್ಲಿ.”

ಅಕ್ಕನಿಗೆ ಈಗ ಕೇಳಿಸುವುದಿಲ್ಲ ಎಂದು ಹೇಳಲು ಮೇಸ್ತ್ರಿಗೆ ನಾಲಿಗೆ ಏಳಲಿಲ್ಲ. ಹೆಂಡತಿಗೆ ಕೈಸನ್ನೆಯಲ್ಲಿ ವಿಷಯ ಮುಟ್ಟಿಸಿದ. ಅವಳು ನರ್ಸಮ್ಮನ ಮುಖ ನೋಡಿ ಮೀಟರ್ ಕೈಗೆತ್ತಿಕೊಂಡಳು.

ಮೀಟರು ಎಲ್ಲವೂ ಸರಿ ಎಂದಿತು. ವೈರಿನ ಈ ತುದಿಯಿಂದ ಆ ತುದಿಗೆ ಸಂಪರ್ಕವಿತ್ತು. ಇಂಜೆಕ್ಟರಿಗೆ ಪುಟ್ಟ ಬಲ್ಬು ಸಿಕ್ಕಿಸಿ ಎಂಜಿನ್ ಬಿಸಿಮಾಡಿದಳು. ಬಲ್ಬು ಮಿಣಮಿಣ ಎನ್ನುತ್ತಲೇ ಇತ್ತು. ಅಷ್ಟು ಮಿಣುಕಿನಲ್ಲಿ ಒಂದು ತಪ್ಪಿದರೆ ಕಣ್ಣಿಗೆ ಎಲ್ಲಿ ಗೊತ್ತಾಗಬೇಕು? ಅದು ಗೊತ್ತಾಗುವುದು ಕಿವಿಗೆ. ವೈರುಗಳ ಕಟ್ಟನ್ನು ಒಂದೊಂದೇ ಗೇಣು ಬಾಗಿಸುತ್ತ ಹೋಗಬೇಕು, ಟಿಕ್ ಎಲ್ಲಿ ತಪ್ಪುತ್ತದೋ ಅಲ್ಲಿ ಒಳಗೆ ತಾಮ್ರ ಮುರಿದಿದೆ ಎಂದು ಲೆಕ್ಕ. ಅವಳು ಸ್ಕ್ರೂಡ್ರೈವರನ್ನು ಗಂಡನ ಕೈಗೆ ಕೊಟ್ಟಳು.

“ನೀವು ಕೇಳಿ. ನಾನು ವೈರು ಬಾಗಿಸ್ತೀನಿ. ವ್ಯತ್ಯಾಸ ಆದ್ರೆ ಕೈ ಎತ್ತಿ.”

ಮೇಸ್ತ್ರಿ ಕಿವಿಗೊತ್ತಿ ಕಣ್ಣು ಮುಚ್ಚಿದ. ಹೊರಗೆ ಲಾರಿ ಹೋಯಿತು, ಕೈ ಎತ್ತಿದ. ಕಂಪ್ರೆಸರು ಶುರುವಾಯಿತು, ಮತ್ತೆ ಎತ್ತಿದ. ನರ್ಸಮ್ಮ ಕೆಮ್ಮಿದಳು, ಅದಕ್ಕೂ ಎತ್ತಿದ.

“ಏನು ಕೇಳಿಸ್ತಿದೆ ನಿಮಗೆ?”

“ಟಿಕ್ ಟಿಕ್ ಅಂತಿದೆ!” ಎಂದು ಕೂಗಿದ.

“ಹೇಗೆ ಟಿಕ್ ಅಂತಿದೆ?”

“ಟಿಕ್ ಅಂದ್ರೆ ಟಿಕ್ಕು ಕಣೇ! ಅದರಲ್ಲಿ ಹೇಗೆ ಏನು ಬಂತು?”

ಅವಳು ಹಣೆ ಚಚ್ಚಿಕೊಂಡಳು. ಸ್ಕ್ರೂಡ್ರೈವರನ್ನು ಕಿತ್ತುಕೊಂಡಳು. ಒಂದು ಕೈಯಲ್ಲಿ ಕನೆಕ್ಟರು, ಇನ್ನೊಂದರಲ್ಲಿ ವೈರಿನ ಕಟ್ಟು, ಸ್ಕ್ರೂಡ್ರೈವರನ್ನು ಎಲ್ಲಿಡುವುದು? ವೈರಿಂಗ್‌ನವರೆಲ್ಲ ಮಾಡುವ ಹಾಗೆ ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ವೈರು ಹಿಂದೆ ಎಲ್ಲಿಗೆ ಹೋಗಿದೆ ನೋಡಲು ಎಂಜಿನ್ನಿನ ಮೇಲೆ ಬಾಗಿದಳು. ತುದಿ ಹೋಗಿ ಇಂಜೆಕ್ಟರಿಗೆ ತಾಗಿತು.

ಅವಳು ಅಲ್ಲೇ ನಿಂತುಬಿಟ್ಟಳು. ಕಣ್ಣುಗಳು ಅಗಲವಾದವು, ಮೈ ಅಲ್ಲಾಡಲಿಲ್ಲ.

ಮೇಸ್ತ್ರಿ ಕರೆಂಟು ಹೊಡೆಯಿತು ಎಂದುಕೊಂಡು ಓಡಿಹೋಗಿ ಎಂಜಿನ್ ಆರಿಸಿದ. ಅವಳು ಹಿಡಿಯನ್ನು ಬಾಯಿಂದ ತೆಗೆದು, ಅವನ ಮೇಲೆಯೇ ಹರಿಹಾಯ್ದಳು.

“ಯಾಕ್ರೀ ಆಫ್ ಮಾಡಿದ್ರಿ? ಕೇಳಿಸ್ತಾ ಇತ್ತಲ್ರೀ! ಕೇಳಿಸ್ತಾ ಇತ್ತು!”

ಅವನು ಮತ್ತೆ ಕೀಲಿ ತಿರುಗಿಸಿದ. ಅವಳು ಹಿಡಿಯನ್ನು ಕಚ್ಚಿ ತುದಿಯನ್ನು ಒಂದನೆಯ ಇಂಜೆಕ್ಟರಿಗಿಟ್ಟಳು, ಎರಡನೆಯದಕ್ಕಿಟ್ಟಳು, ಮೂರನೆಯದಕ್ಕೆ ಬಂದು ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದರ ಪರಿವೆಯೇ ಅವಳಿಗಿರಲಿಲ್ಲ. ಹೊರಗೆ ಲಾರಿಗಳು ಹೋದವು, ಕಂಪ್ರೆಸರು ಅರಚಿತು. ಅವು ಯಾವುವೂ ಅವಳನ್ನು ಮುಟ್ಟುತ್ತಿರಲಿಲ್ಲ. ಮುಚ್ಚಿದ ಕಿವಿಗಳ ಒಳಗೆ, ಹಲ್ಲಿನಿಂದ ಮೂಳೆಗೆ ಮೂಳೆಯಿಂದ ನರಕ್ಕೆ ದಾಟಿ, ಆ ಕೂದಲೆಳೆಯಷ್ಟು ಏಳುವ ಸೂಜಿಯೊಂದೇ ಮಾತಾಡುತ್ತಿತ್ತು. ಲೋಕದ ಸದ್ದೆಲ್ಲ ಹೊರಗೇ ಉಳಿದು, ಬೇಕಾದ ಸದ್ದು ಮಾತ್ರ ಒಳಗೆ ಬಂದಿತ್ತು. ಮೇಸ್ತ್ರಿ ತಲೆಗೆ ಸುತ್ತಿದ್ದ ಬಟ್ಟೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

ಅವಳ ಬೆರಳುಗಳು ವೈರಿನ ಕಟ್ಟಿನ ಮೇಲೆ ಸರಿಯುತ್ತ ಹೋದವು. ಎಂಜಿನ್ನಿನ ಹಿಂಬದಿಯಲ್ಲಿ ಒಂದು ತಗಡಿನ ಪಟ್ಟಿ. ಕಟ್ಟು ಅದರ ಮೇಲೆ ಬಾಗಿ ಕೆಳಗಿಳಿಯುವ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಸಿಕ್ಕಿತು ಎಂದು ತಲೆಯಾಡಿಸಿ ಎಂಜಿನ್ ಆರಿಸಲು ಸನ್ನೆ ಮಾಡಿದಳು.

ಮೂರನೆಯ ಇಂಜೆಕ್ಟರಿಗೆ ಹೋಗುವ ವೈರಿನ ಮೇಲ್ಸಿಪ್ಪೆಯಲ್ಲಿ ಒಂದು ಗೀರೂ ಇರಲಿಲ್ಲ. ಅವಳು ಬ್ಲೇಡಿನಿಂದ ಮೆಲ್ಲಗೆ ಸೀಳಿದಳು. ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿದ್ದವು. ಒಂದೇ ಒಂದು ಎಳೆ ಇನ್ನೂ ಆಚೀಚೆ ಹಿಡಿದುಕೊಂಡಿತ್ತು.

“ನೋಡಿ ನರ್ಸಮ್ಮ. ಮೀಟರಿಗೆ ಚೂರು ಕರೆಂಟು ಸಾಕು, ಅದಕ್ಕೆ ಈ ಒಂದು ಎಳೆಯೇ ದಾರಿ ಕೊಡುತ್ತೆ. ಸೂಜಿ ಎತ್ತೋದಕ್ಕೆ ಇದೊಂದರ ಕೈಲಾಗಲ್ಲ. ತಣ್ಣಗಿದ್ದಾಗ ತುಂಡಾದ ಎಳೆಗಳೂ ಒಂದಕ್ಕೊಂದು ತಾಗಿ ಹೇಗೋ ನಡೆಸ್ತಾವೆ. ಬಿಸಿಗೆ ಹಿಗ್ಗಿ ಬಾಯಿ ಬಿಟ್ಟಾಗಲಂತೂ ಕೇಳೋದೇ ಬೇಡ.”

ನರ್ಸಮ್ಮ ಆ ಎಳೆಯನ್ನು ಹತ್ತಿರದಿಂದ ನೋಡಿದಳು. ಅಕ್ಕ ಹೊಸ ತುಂಡು ಬೆಸೆದು, ಪಟ್ಟಿಯ ಮೇಲೆ ರಬ್ಬರ್ ಹಾಕಿದಳು. ನರ್ಸಮ್ಮ ಬಿಸಿ ಎಂಜಿನ್ನಿನಲ್ಲೇ ಏರಿನ ರಸ್ತೆ ಹತ್ತಿಸಿ ಬಂದ ಮೇಲೆ ಟಿಕ್‌ಟಿಕ್ ಅಕ್ಕನ ಎರಡೂ ಕೈ ಹಿಡಿದು ಏನೋ ಹೇಳಿದಳು. ಅಕ್ಕನಿಗೆ ಅದು ಕೇಳಿಸಲಿಲ್ಲ, ಆದರೂ ತಲೆಯಾಡಿಸಿದಳು.

ಗಂಡ ಹೆಂಡತಿ ಊಟಕ್ಕೆ ಕೂತರು. “ಆ ವೈರಿಂಗ್‌ನವನಿಗೆ ಬರೋದು ಬೇಡ ಅಂತ ಫೋನ್ ಮಾಡಿಬಿಡಿ,” ಎಂದಳು ಅವಳು. ಅವಳು ಕೈ ತೊಳೆಯಲು ಹೋಗಿದ್ದಾಗಲೇ ಮಾಡಿಯಾಗಿದೆ ಎಂದು ಅವನು ಸನ್ನೆ ಮಾಡಿದ.

ಡಬ್ಬಿ ತೊಳೆದಿಟ್ಟ ಮೇಲೆ ಅವಳು ಕೂರಲಿಲ್ಲ. ಸ್ಕ್ರೂಡ್ರೈವರ್ ಕಚ್ಚಿಕೊಂಡು ಗ್ಯಾರೇಜೆಲ್ಲ ಸುತ್ತಿದಳು. ಕಂಪ್ರೆಸರಿನ ಹೊಟ್ಟೆಗೆ ತುದಿ ಇಟ್ಟು ಬೆಚ್ಚಿದಳು. ನೀರಿನ ಪೈಪಿಗೆ ಇಟ್ಟಳು, ಗೋಡೆ ಗಡಿಯಾರಕ್ಕೆ ಇಟ್ಟಳು, ಪ್ರತಿಯೊಂದಕ್ಕೂ ತಿರುಗಿ ಗಂಡನನ್ನು ನೋಡಿದಳು, ಮೊದಲ ಸಲ ಲೋಕಕ್ಕೆ ಬಂದವಳ ಹಾಗೆ. ಅವನು ಎದ್ದು ಅವಳ ಎದುರಿಗೆ ಬಂದ. ಸ್ಕ್ರೂಡ್ರೈವರಿನ ತುದಿಯನ್ನು ಅಂಗಿಯಲ್ಲಿ ಒರೆಸಿ, ತನ್ನ ದವಡೆಯ ಮೂಳೆಗೆ ಒತ್ತಿಕೊಂಡ.

ಏನು ಹೇಳುವುದು? ಇಷ್ಟು ದಿನ ಸ್ಪ್ಯಾನರು, ಗಿರಾಕಿ, ಬಾಗಿಲು ಎಂದು ಅರಚಿದ್ದೇ ಆಯಿತು. ನುಂಗಿಕೊಂಡದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು. ಕಡೆಗೆ, ಕೂಗದೆ, ಪಕ್ಕದಲ್ಲಿ ಮಲಗಿದವಳಿಗೆ ಹೇಳುವಷ್ಟು ಮೆಲ್ಲಗೆ, ಬಾಯಿಗೆ ಬಂದದ್ದನ್ನು ಹೇಳಿದ.

“ಊಟ ಆಯ್ತಾ?”

ಅವಳು ಹಿಡಿಯನ್ನು ಬಾಯಿಂದ ತೆಗೆದಳು. ನಗುತ್ತಿದ್ದಳೋ ಅಳುತ್ತಿದ್ದಳೋ. “ಈಗ ತಾನೇ ಒಂದೇ ಡಬ್ಬಿಯಿಂದ ತಿಂದ್ವಲ್ರೀ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಹಿಡಿಯನ್ನು ಹಲ್ಲಿಗೆ ತಂದು, ಕಚ್ಚುವ ಮೊದಲು ಹೇಳಿದಳು:

“ಇನ್ನೊಂದ್ಸಲ ಕೇಳಿ.”