ಮೊಣಕಾಲುದ್ದ ನೀರು

ನನಗೆ ಈಜು ಬರುವುದಿಲ್ಲ. ತುಂಗೆ, ಭದ್ರೆ, ಸಿರಿಮನೆಯ ಜಲಪಾತ ಎಂದು ಭಾನುವಾರದ ಪುರವಣಿಗೆ ಇಷ್ಟು ವರ್ಷ ಬರೆದವಳು ಒಂದು ದಿನವೂ ಸೊಂಟಮಟ್ಟದ ನೀರಿಗೆ ಇಳಿದವಳಲ್ಲ ಎಂದರೆ ಓದುಗರು ನಂಬಲಿಕ್ಕಿಲ್ಲ. ಆದರೆ ನಿಜ. ನನ್ನ ಹೊಳೆಗಳನ್ನೆಲ್ಲ ನಾನು ದಡದ ಬಂಡೆಯ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಬರೆದಿದ್ದೇನೆ. ಪಾದ ಒದ್ದೆಯಾದರೆ ನನಗೆ ನೆಗಡಿ.

ಕೊಪ್ಪದಲ್ಲಿ ನಮ್ಮದೊಂದು ಔಷಧಿ ಅಂಗಡಿ. ನಾನು ಮತ್ತು ನನ್ನ ಗಂಡ ಸೇರಿ ನಡೆಸುವುದು. ಅಲ್ಲಿ ನಾನು ಬೇರೆಯೇ ಹೆಂಗಸು. ಡಾಕ್ಟರರ ಅಕ್ಷರ ಸ್ವಲ್ಪ ಅನುಮಾನವಾದರೂ ಫೋನ್ ಮಾಡಿ ಕೇಳದೆ ಒಂದು ಮಾತ್ರೆ ಕೊಡುವವಳಲ್ಲ. ಮಗುವಿಗೆ ಒಂದು ಚಮಚ ಸಿರಪ್ ಎಂದು ಯಾರಾದರೂ ಹೊರಟರೆ, "ಯಾವ ಚಮಚ? ಉಪ್ಪಿಟ್ಟು ತಿನ್ನೋದೋ, ಸಕ್ಕರೆ ಹಾಕೋದೋ?" ಎಂದು ಕೂಗಿ ಕರೆದು, ಗೆರೆ ಹಾಕಿದ ಮುಚ್ಚಳದಲ್ಲಿ ಅಳೆದು ತೋರಿಸಿಯೇ ಕಳಿಸುತ್ತೇನೆ. ನಮ್ಮವರು ಇದನ್ನು ನನ್ನ ಕಾಯಿಲೆ ಎನ್ನುತ್ತಾರೆ. ಅಂಗಡಿ ಬಾಗಿಲು ಹಾಕಿ ಪೆನ್ನು ಹಿಡಿದ ಕೂಡಲೇ ಆ ಕಾಯಿಲೆ ವಾಸಿಯಾಗಿಬಿಡುತ್ತಿತ್ತು ಎಂಬುದು ನನಗೇ ತಿಳಿದಿರಲಿಲ್ಲ.

ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ದಿಕ್ಕಿಗೆ ಭದ್ರೆ ಹೋಗುವಾಗ ಒಂದು ಕಡೆ ಗುಡ್ಡದ ಸಾಲು ಅಡ್ಡ ಬರುತ್ತದೆ. ಹೊಳೆ ಸುತ್ತಿ ಹೋಗುವುದಿಲ್ಲ, ಗುಡ್ಡವನ್ನು ಸೀಳಿಕೊಂಡೇ ಹೋಗುತ್ತದೆ. ಎರಡೂ ಬದಿಗೆ ಕರಿಬಂಡೆಯ ಗೋಡೆ, ನಡುವೆ ಹೊಳೆ, ಮೇಲೆ ಒಂದು ಪಟ್ಟಿ ಆಕಾಶ. ಊರಿನವರು ಅದನ್ನು ಕಂಡಿ ಎನ್ನುತ್ತಾರೆ, ಅಷ್ಟೇ. ಗುಡ್ಡ ಮೊದಲೋ ಹೊಳೆ ಮೊದಲೋ ಎಂದು ಭೂಗೋಳದ ಮೇಷ್ಟ್ರೊಬ್ಬರನ್ನು ಕೇಳಿದ್ದೆ. ಕೆಲವು ಕಡೆ ಹೊಳೆಯೇ ಹಳೆಯದಂತೆ. ಗುಡ್ಡ ನಿಧಾನವಾಗಿ ಏಳುತ್ತ ಬಂದರೆ ಹೊಳೆ ತನ್ನ ದಾರಿ ಬಿಡದೆ ಕೊರೆಯುತ್ತ ಹೋಗುತ್ತದಂತೆ. ಈ ಕಂಡಿಯೂ ಹಾಗೆಯೇ ಆದದ್ದೋ ಏನೋ ಅವರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಕೇಳಿದ್ದು ಚೆನ್ನಾಗಿತ್ತು, ಹಾಗೇ ಬರೆದೆ.

ಏಪ್ರಿಲಿನ ಒಂದು ಮಧ್ಯಾಹ್ನ ಅಲ್ಲಿ ಎರಡು ಗಂಟೆ ಕೂತಿದ್ದೆ. ಕಂಡಿಯ ಬಾಯಲ್ಲಿ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದಳು. ನಾನು ಕಂಡ ಆಳ ಅಷ್ಟೇ. ಮನೆಗೆ ಬಂದು ಬರೆದೆ: "ಗುಡ್ಡವನ್ನೇ ಸೀಳಿದ ಭದ್ರೆ ಇಲ್ಲಿ ಮಕ್ಕಳ ಮೊಣಕಾಲು ಮುಟ್ಟಿ ನಗುತ್ತಾಳೆ." ಆ ಸಾಲನ್ನು ಮೂರು ಸಲ ಓದಿಕೊಂಡೆ. ಬಹಳ ಇಷ್ಟವಾಯಿತು. ಬಟ್ಟೆ ಒಗೆಯುವವಳು ಸಾಲಿಗೆ ಒಗ್ಗಲಿಲ್ಲ, ಅವಳನ್ನು ತೆಗೆದು ಮಕ್ಕಳನ್ನು ಹಾಕಿದ್ದೆ.

ನಮ್ಮ ಭಾಷೆಯಲ್ಲಿ ನೀರಿನ ಅಳತೆಯೆಲ್ಲ ಮೈಯದ್ದೇ. ಪಾದ ಮುಳುಗುವಷ್ಟು, ಮೊಣಕಾಲುದ್ದ, ಸೊಂಟಮಟ್ಟ, ಎದೆಮಟ್ಟ, ಕಡೆಗೆ ಆಳುದ್ದ. ಅಲ್ಲಿಂದ ಮುಂದೆ ಮೈ ಮುಗಿಯುತ್ತದೆ, ಮಾತೂ ಮುಗಿಯುತ್ತದೆ. ಆದರೆ ಯಾರ ಮೊಣಕಾಲು, ಯಾವ ತಿಂಗಳು, ಎಲ್ಲಿ ನಿಂತಾಗ? ಚಮಚದ ವಿಷಯದಲ್ಲಿ ಊರಿಗೆಲ್ಲ ಪಾಠ ಹೇಳುವ ನನಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ.

ಲೇಖನ ಬಂತು. ಮಳೆಗಾಲ ಕಳೆಯುತ್ತಲೇ ಭಾನುವಾರ ಭಾನುವಾರ ಕಂಡಿಗೆ ಕಾರುಗಳು ಬರತೊಡಗಿದವು. ಹೊಳೆಯ ಪಕ್ಕದ ಮಂಜಪ್ಪ, ಮೀನು ಹಿಡಿದುಕೊಂಡಿದ್ದವನು, ಟ್ರ್ಯಾಕ್ಟರಿನ ಹಳೇ ಟ್ಯೂಬುಗಳಿಗೆ ಗಾಳಿ ತುಂಬಿಸಿ ಬಾಡಿಗೆಗೆ ಕೊಡತೊಡಗಿದ. ಯಾರೋ ಮರಳಿನ ಮೇಲೆ ಟೆಂಟ್ ಹಾಕಿದರು. ಇನ್ಯಾರೋ ಮರಕ್ಕೆ ಹಗ್ಗ ಕಟ್ಟಿ ತೂಗಾಡಿ ನೀರಿಗೆ ಹಾರತೊಡಗಿದರು. ಅಂಗಡಿಗೆ ಬಂದವರು, "ಎಂತ ಮಾರಾಯ್ರೆ, ಒಂದು ಲೇಖನ ಬರ್ದು ಜಾತ್ರೆ ಮಾಡಿಬಿಟ್ರಲ್ಲ!" ಎಂದರೆ ನಾನು ನಾಚಿಕೊಂಡವಳಂತೆ ಮಾಡಿ ಒಳಗೊಳಗೇ ಉಬ್ಬುತ್ತಿದ್ದೆ.

ದೀಪಾವಳಿಯ ಮುಂಚಿನ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಒಂದು ಫೋನ್ ಬಂತು. ಆ ಕಡೆ ಏನೋ ಯಂತ್ರ ಗಡಗಡಿಸುತ್ತಿತ್ತು. ಅದರ ಮೇಲೆ ಒಬ್ಬ ಗಂಡಸು ಕೂಗಿ ಮಾತಾಡುತ್ತಿದ್ದ. ಕಡೂರಿನವನು, ಹೆಸರು ಪ್ರಭಾಕರ, ಹಿಟ್ಟಿನ ಗಿರಣಿ ಇದೆ. ಪುರವಣಿಯಲ್ಲಿ ನನ್ನ ಊರಿನ ಹೆಸರು ನೋಡಿ, ಯಾರಿಂದಲೋ ನಂಬರ್ ಪಡೆದಿದ್ದ.

"ನಿಮ್ದು ಓದ್ತಾ ಇರ್ತೀನಿ ಮೇಡಂ. ನಮ್ ಕಡೆ ನೀರೇ ಇಲ್ಲ. ಹತ್ತು ವರ್ಷದ ಮಗಳಿದಾಳೆ, ಹೊಳೆ ತೋರಿಸ್ಬೇಕು ಅಂತ. ಆಳ ಏನಿಲ್ವಲ್ಲ? ನಂಗೆ ನೀರು ಅಂದ್ರೆ ಸ್ವಲ್ಪ ಭಯ."

ನನ್ನ ಒಂದು ಕೈಯಲ್ಲಿ ಬಿ.ಪಿ. ಮಾತ್ರೆಯ ಪಟ್ಟಿ, ಇನ್ನೊಂದರಲ್ಲಿ ಕತ್ತರಿ, ಫೋನ್ ಕಿವಿಗೂ ಹೆಗಲಿಗೂ ನಡುವೆ. "ಇಲ್ಲ ಇಲ್ಲ, ಮೊಣಕಾಲುದ್ದ," ಎಂದೆ. ಅವನಿಗೆ ಕೇಳಿಸಲಿಲ್ಲ. "ಮೊಣಕಾಲುದ್ದ!" ಎಂದು ಕೂಗಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಪಟ್ಟಿಯಲ್ಲಿ ಎಷ್ಟು ಮಾತ್ರೆ ಕತ್ತರಿಸಿದೆನೆಂದು ಎರಡು ಸಲ ಎಣಿಸಿಯೇ ಕೊಟ್ಟೆ.

ಹಬ್ಬ ಕಳೆದ ಭಾನುವಾರ ಅವನು ಹೆಂಡತಿ ಸುಜಾತ, ಮಗಳ ಜೊತೆ ಕಂಡಿಗೆ ಬಂದ. ಬಟ್ಟೆ ಒಗೆಯುವ ಜಾಗದಲ್ಲಿ ಮೂವರೂ ನೀರಿಗೆ ಇಳಿದು ನಿಂತರು. ನೀರು ಮೊಣಕಾಲುದ್ದವೇ ಇತ್ತು. ತಾಯಿ ಮಗಳು ದಡಕ್ಕೆ ಬಂದು ಬುತ್ತಿ ಬಿಚ್ಚಿದರು. ಅವನು ಇನ್ನೂ ಸ್ವಲ್ಪ ಹೊತ್ತು ಇರುತ್ತೇನೆಂದು ಫೋನನ್ನು ಹೆಂಡತಿಯ ಚೀಲಕ್ಕೆ ಹಾಕಿ ಮತ್ತೆ ಹೋದ. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟ, ಇಲ್ಲವಾದ. ಕೂಗಲೂ ಇಲ್ಲ. ತಮಾಷೆ ಮಾಡುತ್ತಿದ್ದಾನೆಂದು ಸುಜಾತ ನಗುತ್ತ ನಿಂತಿದ್ದಳಂತೆ. ಕೆಳಗೆ ಟ್ಯೂಬಿಗೆ ಗಾಳಿ ಹಾಕುತ್ತಿದ್ದ ಮಂಜಪ್ಪ ಅವಳ ನಗು ಬದಲಾದದ್ದು ಕೇಳಿ ಓಡಿಬಂದು ಹಾರಿದ. ಮೂರನೇ ಸಲ ಮುಳುಗಿದಾಗ ಪ್ರಭಾಕರ ಸಿಕ್ಕ. ಆಗ ಹೊತ್ತು ಮೀರಿತ್ತು.

ಮಂಗಳವಾರದ ಪೇಪರಿನಲ್ಲಿ ಒಂದು ಮೂಲೆಯಲ್ಲಿ ಸುದ್ದಿ: "ಸೆಲ್ಫಿ ಹುಚ್ಚು: ಪ್ರವಾಸಿಗ ನೀರುಪಾಲು." ಕಡೂರು, ಪ್ರಭಾಕರ, ಗಿರಣಿ. ಔಷಧಿ ಪೊಟ್ಟಣ ಕಟ್ಟಲು ಪೇಪರು ಹರಿಯುತ್ತಿದ್ದವಳು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನಮ್ಮವರಿಗೆ ಹೇಳಿದೆ. ಅವರು ಸುದ್ದಿಯನ್ನು ಓದಿ, ಕನ್ನಡಕ ತೆಗೆದು, ಮೆಲ್ಲಗೆ ಹೇಳಿದರು: "ನೀ ಎಂತಕ್ಕೆ ತಲೆ ಕೆಡಿಸ್ಕೊಳ್ತೀಯ ಮಾರಾಯ್ತಿ? ನೀನೇನು ತಳ್ಳಿದ್ದಾ? ಫೋನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿದೆ?"

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನೂ ಹನ್ನೊಂದು ದಿನ ಆ ಮಾತಿನ ಮರೆಯಲ್ಲೇ ಇದ್ದೆ. ಸಾಕ್ಷಿ ಇಲ್ಲವೆಂಬುದು ಎಂಥ ನೆಮ್ಮದಿ ಎಂದು ಆ ದಿನಗಳಲ್ಲಿ ಕಂಡುಕೊಂಡೆ. ಊಟ ಸೇರುತ್ತಿತ್ತು. ನಿದ್ದೆಯೂ ಬರುತ್ತಿತ್ತು, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಹನ್ನೆರಡನೆಯ ದಿನ ಬಸ್ಸು ಹತ್ತಿ ಕಂಡಿಗೆ ಹೋದೆ. ಟೆಂಟುಗಳು ಹೋಗಿದ್ದವು. ಮಂಜಪ್ಪನ ಟ್ಯೂಬುಗಳು ಗಾಳಿ ಬಿಟ್ಟುಕೊಂಡು ಬೇಲಿಯ ಮೇಲೆ ಬಿದ್ದಿದ್ದವು. ನಾನು ಯಾರೆಂದು ಹೇಳಿದೆ, ಏನು ಬರೆದೆನೆಂದೂ ಹೇಳಿದೆ. ಏಪ್ರಿಲಿನಲ್ಲಿ ಇಲ್ಲೇ ಒಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತದ್ದನ್ನು ಕಣ್ಣಾರೆ ನೋಡಿದ್ದೆನಲ್ಲ ಎಂದೆ. ಆ ಹೊತ್ತಿನಲ್ಲೂ ನಾನು ಬರೆದದ್ದು ಸರಿ ಎಂದು ಯಾರಾದರೂ ಹೇಳಲಿ ಎಂಬ ಆಸೆ.

"ನನ್ನ ಹೆಂಡ್ತಿ ಅದು," ಎಂದ ಮಂಜಪ್ಪ. "ಅವಳು ನಿಂತಿದ್ದು ಕಲ್ಲಿನ ಮೇಲೆ ಅಮ್ಮ. ನೀರೊಳಗೆ ಒಂದು ಹಾಸುಗಲ್ಲು ಇದೆ. ಅದರಿಂದ ಒಂದು ಹೆಜ್ಜೆ ಆಚೆ ಇಟ್ರೆ ಮಡು. ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಬಂದೋರಿಗೆ ಹೆಂಗೆ ಗೊತ್ತಾಗ್ಬೇಕು? ನಾನು ಹೇಳ್ಬೇಕಿತ್ತು. ಟ್ಯೂಬ್ ತಗಂಡೋರಿಗೆ ಮಾತ್ರ ಹೇಳ್ತಿದ್ದೆ. ಅವರು ತಗಳ್ಳಿಲ್ಲ."

ನಾನು ದಡದ ಅಂಚಿಗೆ ಹೋಗಿ ನೀರನ್ನು ನೋಡಿದೆ.

"ಎಷ್ಟು ಆಳ ಇದೆ ಅದು?" ಎಂದೆ.

"ಅಳೆದೋರು ಯಾರು?"

"ಅಳೆಯಾಣ."

ಎರಡು ಟ್ಯೂಬಿಗೆ ಗಾಳಿ ತುಂಬಿಸಿ, ಮೇಲೆ ಹಲಗೆ ಕಟ್ಟಿದ. ನನಗೊಂದು ಲೈಫ್ ಜಾಕೆಟ್ ಕೊಟ್ಟ. ಅದರ ಪಟ್ಟಿ ನನ್ನ ಹೊಟ್ಟೆಯನ್ನು ಸುತ್ತಿ ಬರಲಿಲ್ಲ, ಗೋಣಿದಾರ ಕಟ್ಟಿ ಬಿಗಿದೆವು. ಬೇರೆ ದಿನವಾಗಿದ್ದರೆ ಆ ನನ್ನ ಅವತಾರದ ಮೇಲೆಯೇ ಒಂದು ಪ್ರಬಂಧ ಆಗುತ್ತಿತ್ತು. ಹಲಗೆಯ ಎರಡೂ ಅಂಚು ಹಿಡಿದು ಕೂತೆ. ಹಾಸುಗಲ್ಲಿನ ಅಂಚು ದಾಟುವಾಗ ಕೆಳಗೆ ನೋಡಿದೆ. ಹಳದಿಯಾಗಿದ್ದ ನೀರು ಒಮ್ಮೆಗೇ ಕಪ್ಪಾಯಿತು. ಮಂಜಪ್ಪ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ. ಅದು ಹೋಯಿತು, ಹೋಗುತ್ತಲೇ ಇತ್ತು. ದಡಕ್ಕೆ ಬಂದ ಮೇಲೆ ಒದ್ದೆ ಹಗ್ಗದ ತುದಿಯನ್ನು ತನ್ನ ಪಾದದಡಿ ಹಾಕಿ ನೆತ್ತಿಯವರೆಗೆ ಎಳೆದು ಹಿಡಿದ. ಅಲ್ಲಿಂದ ಮತ್ತೆ ಪಾದಕ್ಕೆ, ಮತ್ತೆ ನೆತ್ತಿಗೆ. ಇನ್ನೂ ಒಂದು ಮೊಳ ಉಳಿಯಿತು.

"ಎರಡಾಳು, ಮೇಲೊಂದು ಮೊಳ," ಎಂದ.

ಪುರವಣಿಯ ಸಂಪಾದಕರಿಗೆ ತಿದ್ದುಪಡಿ ಕಳಿಸಿದೆ. ತಪ್ಪು ಅಕ್ಷರಕ್ಕಾದರೆ ತಿದ್ದುಪಡಿ ಹಾಕಬಹುದು, ಲಲಿತ ಪ್ರಬಂಧಕ್ಕೆ ಹಾಕುವ ಪದ್ಧತಿ ಇಲ್ಲವೆಂದು ಅವರು ವಿನಯದಿಂದಲೇ ತಿಳಿಸಿದರು. ಯಾರೂ ಪ್ರಬಂಧವನ್ನು ನಂಬಿಕೊಂಡು ನೀರಿಗೆ ಇಳಿಯುವುದಿಲ್ಲ ಎಂದೂ ಹೇಳಿದರು. ಒಬ್ಬ ಇಳಿದಿದ್ದ.

ಅವನ ನಂಬರಿಗೇ ಫೋನ್ ಮಾಡಿದೆ. ಸುಜಾತ ಎತ್ತಿದಳು. ಬಂದು ಮಾತಾಡಬೇಕು ಎಂದಷ್ಟೇ ಹೇಳಿದೆ. ಬಾಳೆಹೊನ್ನೂರು, ಚಿಕ್ಕಮಗಳೂರು ದಾಟಿ ಬಸ್ಸು ಬಯಲಿಗೆ ಇಳಿಯಿತು. ಕಡೂರಿನ ಆ ಮನೆಯ ಪಕ್ಕದಲ್ಲೇ ಗಿರಣಿ. ಅವನ ಅಣ್ಣ ಈಗ ಅದನ್ನು ನಡೆಸುತ್ತಿದ್ದ.

ಸುಜಾತ ಚಾಪೆ ಹಾಕಿದಳು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನಿಸಿತು. ನಿಂತೇ ಎಲ್ಲ ಹೇಳಿದೆ: ಲೇಖನ, ಫೋನ್, ನಾನು ಕೂಗಿದ್ದು, ಮತ್ತೆ ನೀರೊಳಗಿನ ಹಾಸುಗಲ್ಲು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಅವ್ರು ಕೇಳ್ದೇ ಹೋಗೋ ಮನುಷ್ಯ ಅಲ್ಲ ಅಂತ ನಂಗೆ ಗೊತ್ತಿತ್ತು," ಎಂದಳು. "ಯಾರನ್ನೋ ಕೇಳಿರ್ತಾರೆ ಅಂತ ಗೊತ್ತಿತ್ತು. ಯಾರನ್ನ ಅಂತ ಗೊತ್ತಿರ್ಲಿಲ್ಲ."

ಆಮೇಲೆ ಎದ್ದಳು. "ಒಳಗೆ ಬನ್ನಿ. ಇದನ್ನೇ ನಮ್ಮತ್ತೆ ಎದುರಿಗೆ ಹೇಳಿ. ಭಾವನ್ನೂ ಕರೀತೀನಿ."

ಇದಕ್ಕೆ ನಾನು ಸಿದ್ಧಳಾಗಿ ಬಂದಿರಲಿಲ್ಲ. ಒಬ್ಬರೆದುರು ಹೇಳಿ, ಅತ್ತು, ಹಗುರಾಗಿ ಸಂಜೆ ಬಸ್ಸಿಗೆ ಮರಳುವುದು ನನ್ನ ಲೆಕ್ಕವಾಗಿತ್ತು. ಗಿರಣಿ ನಿಂತಿತು. ಅಣ್ಣ ಮೈಮೇಲೆ ಹಿಟ್ಟು ಹೊತ್ತುಕೊಂಡೇ ಬಂದ. ಮುದುಕಿ ತಾಯಿ ಗೋಡೆಗೆ ಒರಗಿ ಕೂತಿದ್ದರು. ಎಲ್ಲವನ್ನೂ ಎರಡನೇ ಸಲ ಹೇಳಿದೆ. ಎರಡನೇ ಸಲ ಅದರಲ್ಲಿ ಒಂದೂ ಚೆಂದದ ಮಾತು ಉಳಿದಿರಲಿಲ್ಲ.

"ನೀರು ಕಂಡ್ರೆ ಹೆದರೋನು ನನ್ ತಮ್ಮ!" ಎಂದು ಅಣ್ಣ ಕೂಗಿದ. "ಇವಳೇ ಹಟ ಮಾಡಿ ಕರ್ಕೊಂಡೋದ್ಲು, ನೀರಲ್ಲಿ ನಿಲ್ಸಿ ಫೋಟೋ ಗೀಟೋ ಅಂತ ಕುಣಿಸಿದ್ಲು ಅಂತ ಊರೆಲ್ಲ ಹೇಳ್ತು. ನಾವೂ ಅಂದ್ವು. ಈಗ ಬಂದು ಹೇಳ್ತೀರಲ್ರೀ! ಇಷ್ಟು ದಿನ ಎಲ್ಲಿದ್ರಿ?"

"ಅಂಗಡಿಯಲ್ಲಿದ್ದೆ," ಎಂದೆ.

ತಾಯಿ ಮುಖ ಎತ್ತಿದರು. "ನಿಜವಾಗ್ಲೂ ಎಷ್ಟು ಆಳ ಇತ್ತಮ್ಮ ಅಲ್ಲಿ?"

"ಎರಡಾಳು. ಮೇಲೊಂದು ಮೊಳ. ಅಳೆದು ನೋಡಿದ್ದೇನೆ."

ಅವರು ಒಮ್ಮೆ ಮೇಲೆ, ಮನೆಯ ಸೂರನ್ನು ನೋಡಿದರು. ಅಷ್ಟು ಎತ್ತರವೇ ಎಂದು ಕಣ್ಣಲ್ಲೇ ಅಳೆದರು. ಆಮೇಲೆ ಸೊಸೆಯ ಕಡೆಗೆ ಕೈ ಚಾಚಿದರು. ಸುಜಾತ ಕೂಡಲೇ ಹೋಗಲಿಲ್ಲ. ಅಷ್ಟು ದಿನ ಕೇಳಿದ ಮಾತು ಅಷ್ಟು ಬೇಗ ಇಳಿಯುವಂಥದಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೋಗಿ ಅವರ ಪಕ್ಕದಲ್ಲಿ, ಕೈಗೆ ಸಿಗದಷ್ಟು ದೂರದಲ್ಲಿ, ಕೂತಳು. ಅಣ್ಣ ಗಿರಣಿಗೆ ಹೋದ. ಯಂತ್ರ ಮತ್ತೆ ಶುರುವಾಗಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಸುಜಾತ ಬಂದಳು. ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವಳಿಗೆ ಇನ್ನೊಂದು ಕೆಲಸ ಹಚ್ಚಿದಂತೆ. ಇನ್ನು ಬರೆಯುವುದನ್ನು ಬಿಡುತ್ತೇನೆ ಎಂದೆ.

"ಬಿಟ್ರೆ ಏನಾಗುತ್ತೆ?" ಎಂದಳು. "ಸೆಲ್ಫಿ ಅಲ್ಲ ಅಂತ ಬರೀರಿ. ಪೇಪರಲ್ಲಿ ಬಂದಿದ್ದು ನನ್ನ ಮಗಳ ಶಾಲೇಲಿ ಎಲ್ಲರೂ ಓದಿದಾರೆ."

ಬಸ್ಸು ಬರುವುದು ತಡವಾಯಿತು. ಅವಳು ಚೀಲದಿಂದ ಗಂಡನ ಫೋನ್ ತೆಗೆದಳು. "ಅವ್ರಿಗೆ ಫೋಟೋ ತೆಗೆಯೋಕೇ ಬರ್ತಿರ್ಲಿಲ್ಲ ಮೇಡಂ. ನೋಡಿ ಬೇಕಾದ್ರೆ," ಎಂದು ಒಂದು ಚಿತ್ರ ತೋರಿಸಿದಳು. ಆ ಭಾನುವಾರದ್ದು. ಸುಜಾತ, ಮಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ನಗುತ್ತಿದ್ದಾರೆ. ಹಿಂದೆ ಕಂಡಿ ಇರಬೇಕಾದಲ್ಲಿ ಕಂಡಿ ಇಲ್ಲ, ಅರ್ಧ ಚಿತ್ರವನ್ನು ಮುಚ್ಚಿ ದಪ್ಪಗೆ, ಕೆಂಪಗೆ ಅವನ ಹೆಬ್ಬೆರಳು.

"ಎಲ್ಲಾ ಫೋಟೋನೂ ಹಿಂಗೇ," ಎಂದಳು. ಬೆರಳಿನಿಂದ ಸರಿಸಿ ತೋರಿಸಿದಳು. ಮಗಳ ಹುಟ್ಟುಹಬ್ಬ, ಹೆಬ್ಬೆರಳು. ಗಿರಣಿಗೆ ಹೊಸ ಕಲ್ಲು ಹಾಕಿದ್ದು, ಹೆಬ್ಬೆರಳು. ನಮ್ಮಿಬ್ಬರಿಗೂ ಒಮ್ಮೆಗೇ ನಗು ಬಂತು. ತಡೆಯಲಾಗಲಿಲ್ಲ, ಬಸ್‌ಸ್ಟ್ಯಾಂಡಿನವರೆಲ್ಲ ನೋಡುವಷ್ಟು ನಕ್ಕೆವು. ಆಮೇಲೆ ಅವಳು ಆ ಭಾನುವಾರದ ಚಿತ್ರಕ್ಕೆ ಹಿಂದಿರುಗಿ, ಗಂಡನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳನ್ನಿಟ್ಟು, ಬಸ್ಸು ಬರುವವರೆಗೂ ಹಾಗೆಯೇ ಹಿಡಿದುಕೊಂಡಿದ್ದಳು.