ಶರಣಪ್ಪನ ಇಲ್ಲದ ಸಕ್ಕರೆ ಕಾಯಿಲೆ

ಶರಣಪ್ಪ ಬಾಯಿ ಬಿಟ್ಟು ಸುಳ್ಳು ಹೇಳಿದವನಲ್ಲ. ಸುಮ್ಮನೆ ತಲೆಯಾಡಿಸಿದ, ಅಷ್ಟೇ. ಎರಡೂವರೆ ವರ್ಷ ಅವನು ತನಗೆ ತಾನೇ ಹೇಳಿಕೊಂಡ ಸಮಾಧಾನ ಇದು. ಅದರಿಂದ ಸಮಾಧಾನವೇನೂ ಆಗಲಿಲ್ಲ ಬಿಡಿ.

ಬಾಗಲಕೋಟೆಯ ಈ ಮನುಷ್ಯ ಕೇಂದ್ರ ಸರ್ಕಾರದ ನೌಕರಿಗೆಂದು ಕೋಲ್ಕತ್ತಾಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ಕಸ್ಬಾದಲ್ಲಿ ಎರಡು ಕೋಣೆಯ ಮನೆ, ಹೆಂಡತಿ ಇಂದಿರಾ, ಮಕ್ಕಳಿಲ್ಲ. ಎರಡು ಸಾವಿರದ ನಾಲ್ಕರ ಬೇಸಿಗೆಯ ಹೊತ್ತಿಗೆ ಅವನಿಗೆ ನಲವತ್ಮೂರು ವರ್ಷ, ತೂಕ ನೂರಾ ಎರಡು ಕಿಲೋ. ಮಧ್ಯಾಹ್ನದ ಊಟವಾದರೆ ಸಾಕು, ಆಫೀಸಿನ ಮೇಜಿನ ಮೇಲೇ ತೂಕಡಿಕೆ. ಮೆಟ್ಟಿಲು ಹತ್ತಿದರೆ ಏದುಸಿರು. ಇದೆಲ್ಲ ಹೇಳಿಕೊಳ್ಳಬಹುದಾದದ್ದು. ಹೇಳಿಕೊಳ್ಳಲಾಗದ್ದು ಇನ್ನೊಂದಿತ್ತು: ಹೆಂಡತಿ ಪಕ್ಕದಲ್ಲಿ ಮಲಗಿದರೆ ಅವನು ಗೋಡೆಯ ಕಡೆ ಹೊರಳುತ್ತಿದ್ದ. ಆಸೆಯೇ ಹುಟ್ಟುತ್ತಿರಲಿಲ್ಲ. ಕೊನೆಗೆ, ನನ್ನ ಗೊರಕೆಯಿಂದ ನಿನ್ನ ನಿದ್ದೆ ಕೆಡುತ್ತದೆ ಎಂದು ನೆಪ ಹೇಳಿ, ನಡುಮನೆಯ ದಿವಾನದ ಮೇಲೆ ಹಾಸಿಗೆ ಹಾಸಿಕೊಂಡ.

ಡಾಕ್ಟರನ್ನು ಹುಡುಕಿದ್ದಾದರೂ ಎಲ್ಲಿ? ಊರಿನ ಇನ್ನೊಂದು ತುದಿಯ ಬಾರಾನಗರದಲ್ಲಿ. ಕಸ್ಬಾದಲ್ಲಿ ತೋರಿಸಿಕೊಂಡರೆ ಓಣಿಯ ಬಂಗಾಳಿಗಳೆಲ್ಲ ಔಷಧದ ಅಂಗಡಿ ಮುಂದೆ ನಿಲ್ಲಿಸಿ, ಹೊಟ್ಟೆಯಿಂದ ಹಿಡಿದು ಸಕಲವನ್ನೂ ವಿಚಾರಿಸುತ್ತಾರೆಂಬ ಭಯ. ಬಾರಾನಗರದ ಡಾಕ್ಟರು ಬೇರೆ ಬೇರೆ ದಿನ, ಎರಡು ಸಲ, ಬೆಳಗಿನ ಹೊತ್ತೇ ರಕ್ತ ತೆಗೆಸಿದರು. ಗಂಡಸರಿಗಿರುವ ಹಾರ್ಮೋನು ನಿಮ್ಮಲ್ಲಿ ತೀರ ಕಡಿಮೆಯಾಗಿದೆ ಎಂದರು. ಹೊಟ್ಟೆ ಬೆಳೆದಷ್ಟೂ ಅದು ಇಳಿಯುತ್ತದೆ, ಅದು ಇಳಿದಷ್ಟೂ ಹೊಟ್ಟೆ ಬೆಳೆಯುತ್ತದೆ, ಎರಡನ್ನೂ ಒಟ್ಟಿಗೆ ಹಿಡಿಯಬೇಕು ಎಂದು ವಿವರಿಸಿದರು. ಮೂರು ವಾರಕ್ಕೊಂದು ಇಂಜೆಕ್ಷನ್, ದಿನಕ್ಕೊಂದು ಗಂಟೆ ನಡಿಗೆ, ಅನ್ನ ಅರ್ಧ. "ನಾಚಿಕೆಪಡುವಂಥದ್ದೇನೂ ಇಲ್ಲ," ಎಂದೂ ಸೇರಿಸಿದರು. ಶರಣಪ್ಪನಿಗೆ ನಾಚಿಕೆ ಶುರುವಾದದ್ದೇ ಆಗ. ಗಂಡಸರಿಗಿರುವ ಹಾರ್ಮೋನು ಎಂಬ ಮಾತು ಬಸ್ಸಿನುದ್ದಕ್ಕೂ ಕಿವಿಯಲ್ಲಿತ್ತು.

ಮನೆಗೆ ಬಂದಾಗ ಇಂದಿರಾ ಅವನ ತೋಳಿನ ಹತ್ತಿ ನೋಡಿದಳು.

"ಎರಡ ಸಲ ಖಾಲಿ ಹೊಟ್ಟೀಲೆ ಹೋಗಿ ರಕ್ತ ಕೊಟ್ಟು ಬಂದ್ರಿ. ಸಕ್ಕರಿ ಬ್ಯಾನಿ ಏನ್ರಿ?"

ಆಗ ತಲೆಯಾಡಿಸಿದ್ದು ಅವನು.

ಅಂದೇ ಸಕ್ಕರೆ ಡಬ್ಬಿ ಅಟ್ಟ ಸೇರಿತು. ಬೆಳಗೆದ್ದರೆ ಒಂದು ಲೋಟ ಹಾಗಲಕಾಯಿ ರಸ. ಮಧ್ಯಾಹ್ನ ಅದರದೇ ಪಲ್ಯ, ರಾತ್ರಿ ಮೆಂತ್ಯದ ಪುಡಿ. ಇದ್ಯಾವ ನಮೂನೆಯ ಸಕ್ಕರೆ, ಮೂರು ವಾರಕ್ಕೊಮ್ಮೆ ಚುಚ್ಚುವುದು ಎಂದು ಅವಳು ಕೇಳಿದಾಗ, ಹೊಸ ಔಷಧ ಎಂದ. ಅವಳು ನಂಬಿದಳು. ಚಳಿಗಾಲ ಬಂದರೆ ಮೂಲೆಯ ಮಿಠಾಯಿ ಅಂಗಡಿಯ ಖರ್ಜೂರದ ಬೆಲ್ಲದ ಸಂದೇಶ್ ಎಂದರೆ ಜೀವ ಬಿಡುತ್ತಿದ್ದವಳು ಅವಳು. ಅದನ್ನೂ ಬಿಟ್ಟಳು. ನೀನಾದರೂ ತಿನ್ನು ಎಂದರೆ, "ನೀವು ತಿನ್ನದ್ದು ನನ್ನ ಗಂಟಲದಾಗ ಹೆಂಗ ಇಳೀತದ್ರಿ?" ಎಂದಳು. ಅವನು ತಟ್ಟೆ ನೋಡುತ್ತ ಕುಳಿತ.

ಔಷಧ ಹಿಡಿಯಿತು. ದಿನಾ ಢಾಕುರಿಯಾ ಕೆರೆಯ ಸುತ್ತ ನಡೆದೂ ನಡೆದೂ ತೂಕ ಎಂಬತ್ತೆಂಟಕ್ಕೆ ಬಂತು. ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು. ಆಫೀಸಿನ ತೂಕಡಿಕೆ ಹೋಯಿತು. ಮೈಯಲ್ಲಿ ಆಸೆಯೂ ಮರಳಿತು. ಆದರೆ ದಿವಾನದಿಂದ ಕೋಣೆಗೆ ಮರಳುವುದು ಹೇಗೆ? ಹೋಗಬೇಕಾದರೆ ಮೊದಲು ಯಾಕೆ ಹೊರಬಿದ್ದೆ ಎಂದು ಹೇಳಬೇಕು. ಒಂದು ಬೆಳಿಗ್ಗೆ ಇಂದಿರಾ ಹಾಸಿಗೆ ಮಡಚುತ್ತ, "ಈಗ ಗೊರಕಿ ಇಲ್ಲಲ್ರಿ ನಿಮಗ," ಎಂದಳು. ಅವನು ಬೂಟಿನ ಲೇಸು ಕಟ್ಟುತ್ತ ಕೇಳಿಸದವನಂತೆ ಹೊರಟುಹೋದ. ಎಂಥ ಹೇಡಿ ನೋಡಿ.

ಎರಡು ಸಾವಿರದ ಆರರ ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ನಡೆಯಿತು. ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಯಲ್ಲಿದ್ದ ಬೆಂಗಳೂರಿನ ಹುಡುಗ ರೋಹಿತ್, ಊಟಕ್ಕೆ ಮೊದಲು ಎಲ್ಲರ ಸಕ್ಕರೆ ನೋಡುತ್ತೇನೆಂದು ಪುಟ್ಟ ಮೆಷಿನ್ ಇಟ್ಟುಕೊಂಡು ಕುಳಿತಿದ್ದ. ಶರಣಪ್ಪ ಮೆಲ್ಲಗೆ ಜಾರಿಕೊಳ್ಳುವಷ್ಟರಲ್ಲಿ ಇಂದಿರಾ ತೋಳು ಹಿಡಿದು ಕೂರಿಸಿದಳು.

"ತೊಂಬತ್ನಾಲ್ಕು! ನಾರ್ಮಲ್ ಇದೆ ಅಂಕಲ್. ಏನ್ ಮಾಡಿದ್ರಿ?"

ಇಂದಿರಾಳ ಮುಖ ಅರಳಿತು. "ಇಂಜೆಕ್ಷನ್ ಮೂರು ವಾರಕ್ಕ ಒಂದ. ಉಳಿದದ್ದೆಲ್ಲಾ ನನ್ನ ಹಾಗಲಕಾಯಿ," ಎಂದಳು.

ಸಂಘದವರು ಅವಳನ್ನು ವೇದಿಕೆಗೆ ಕರೆದು ಕೈಗೆ ಮೈಕು ಕೊಟ್ಟರು. ಇಷ್ಟು ವರ್ಷದಲ್ಲಿ ಈ ಊರಿನಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ರಸ ಹಿಂಡುವ ಬಗೆ, ಮೆಂತ್ಯದ ಅಳತೆ, ಎಲ್ಲವನ್ನೂ ನಡುಗುವ ದನಿಯಲ್ಲಿ ಹೇಳಿ ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಶರಣಪ್ಪನೂ ತಟ್ಟಿದ. ತನ್ನ ಕೈಗಳ ಸದ್ದು ಕೇಳಿ ಅವನಿಗೆ ಅಸಹ್ಯವಾಯಿತು. ಮುಂದಿನ ಸಾಲಿನಲ್ಲಿ ಮೈಸೂರಿನ ಹಿರಿಯಣ್ಣ ಕುಳಿತಿದ್ದರು. ರೈಲ್ವೆಯಿಂದ ನಿವೃತ್ತರು, ಇಪ್ಪತ್ತು ವರ್ಷದ ನಿಜವಾದ ಸಕ್ಕರೆ ಕಾಯಿಲೆ ಅವರದು. ಇಂದಿರಾ ಹೇಳಿದ್ದನ್ನೆಲ್ಲ ಆಮಂತ್ರಣ ಪತ್ರಿಕೆಯ ಬೆನ್ನಿಗೆ ಬರೆದುಕೊಂಡರು.

ಡಿಸೆಂಬರಿನಲ್ಲಿ ಒಂದು ಸಂಜೆ ಹಿರಿಯಣ್ಣನವರ ಹೆಂಡತಿ ತುಂಗಮ್ಮ ಫೋನ್ ಮಾಡಿದರು. ಇಂದಿರಾ ರಿಸೀವರ್ ಇಟ್ಟವಳೇ ಗಾಬರಿಯಿಂದ ಗಂಡನ ಹತ್ತಿರ ಬಂದಳು.

"ಹಿರಿಯಣ್ಣಾರು ಮಾತ್ರಿ ಬಿಟ್ಟು ಒಂದ ತಿಂಗಳಾತಂತ. ಬರೇ ಹಾಗಲಕಾಯಿ ರಸ. ಕಾಲಾಗ ಗಾಯ ಆಗೇತಿ, ಮಾಯವಲ್ದಂತ. ಡಾಕ್ಟರ ಕಡೆ ಹೋಗ್ರಿ ಅಂದ್ರ, ಶರಣಪ್ಪಗ ವಾಸಿ ಆಗಿಲ್ಲೇನು ಅಂತಾರಂತ."

ಶರಣಪ್ಪ ಕುರ್ಚಿಯಿಂದ ಎದ್ದು ನಿಂತ. ಆ ಮುದುಕನ ಕಾಲು ಹೋಗಬಹುದು, ಜೀವವೂ ಹೋಗಬಹುದು. ತಾನು ತಲೆಯಾಡಿಸಿದ್ದು ಎಲ್ಲಿಗೆ ಬಂದು ಮುಟ್ಟಿತು.

"ನನಗ ಸಕ್ಕರಿ ಇರಲೇ ಇಲ್ಲ ಇಂದಿರಾ," ಎಂದ. ಆಮೇಲೆ ಉಳಿದದ್ದನ್ನೂ ಹೇಳಿದ, ನೆಲ ನೋಡಿಕೊಂಡೇ. ಹಾರ್ಮೋನು, ಇಂಜೆಕ್ಷನ್, ಗೊರಕೆಯ ನೆಪ.

ಇಂದಿರಾ ದಿವಾನದ ತುದಿಗೆ ಕುಳಿತಳು.

"ಎರಡೂವರಿ ವರ್ಷ ನಾ ಕನ್ನಡಿ ಮುಂದ ನಿಂತು, ನನ್ನಾಗ ಏನು ಕಡಿಮಿ ಆಗೇತಿ ಅಂತ ಹುಡುಕೇನ್ರಿ," ಎಂದಳು ಕೊನೆಗೆ. "ಬಾರಾನಗರದಾಗ ಯಾರನ್ನರ ಇಟ್ಕೊಂಡೀರೇನೋ ಅಂತ ಒಂದ ಸಲ ನಿಮ್ಮ ಹಿಂದ ಬಸ್ಸೂ ಹತ್ತಿದ್ದೆ. ಅರ್ಧಾ ದಾರ್ಯಾಗ ಹೇಸಿಕಿ ಬಂದು ಇಳದೆ. ನಿಮ್ಮ ಮ್ಯಾಲೆ ಅಲ್ಲ, ನನ್ನ ಮ್ಯಾಲೆ."

ತನ್ನ ಮಾನ ಕಾಯಲು ಹೋಗಿ ಇವಳ ಮಾನ ಕಳೆದೆನಲ್ಲ ಎಂದು ಶರಣಪ್ಪ ಭೂಮಿಗಿಳಿದುಹೋದ.

ಮರುದಿನ ಇಬ್ಬರೂ ಜೋಕಾದಲ್ಲಿದ್ದ ಹಿರಿಯಣ್ಣನವರ ಮನೆಗೆ ಹೋದರು. ಹಿರಿಯಣ್ಣ ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದರು.

"ಮಾತ್ರಿ ಮತ್ತ ಶುರು ಮಾಡ್ರಿ," ಎಂದ ಶರಣಪ್ಪ.

"ನಿನಗೆ ವಾಸಿಯಾದದ್ದು ನನಗಾಗಲ್ವೇನಯ್ಯ?"

ಶರಣಪ್ಪ ಇಂದಿರಾಳ ಕಡೆ ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಈ ಸಲ ಅವನ ಬದಲು ಹೇಳುವವರಿರಲಿಲ್ಲ.

"ನನಗ ಸಕ್ಕರಿ ಇರಲೇ ಇಲ್ರಿ. ಗಂಡಸರಿಗಿರೂ ಹಾರ್ಮೋನು ಕಡಿಮಿ ಇತ್ತು. ಇಂಜೆಕ್ಷನ್ ಅದಕ್ಕ. ನಾಚಿಕಿ ಆಗಿ ಇವಳಿಗೂ ಹೇಳಿದ್ದಿಲ್ಲ. ಹಾಗಲಕಾಯಿಂದ ನನಗ ಏನೂ ವಾಸಿ ಆಗಿಲ್ಲ."

ತುಂಗಮ್ಮ ಸೆರಗು ಸರಿಮಾಡಿಕೊಂಡು ಒಳಗೆದ್ದುಹೋದರು. ಹಿರಿಯಣ್ಣ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಇದನ್ನ ಹೇಳೋಕೆ ಇಷ್ಟು ದೂರ ಬಂದೆಯಾ? ಸುಮ್ಮನೆ ಫೋನಿನಲ್ಲಿ ಗದರಿಸಬಹುದಿತ್ತಲ್ಲ."

"ನೀವು ಕೇಳತಿದ್ದಿಲ್ರಿ."

"ಅದೂ ನಿಜ," ಎಂದರು ಹಿರಿಯಣ್ಣ. ಆಮೇಲೆ ಒಳಗೆ ನೋಡಿ ಕೂಗಿದರು: "ತುಂಗಾ, ಆ ಮಾತ್ರೆ ಡಬ್ಬಿ ತಗೊಂಡು ಬಾ. ಡಾಕ್ಟರಿಗೂ ಫೋನ್ ಮಾಡು."

ಹಿಂದಿರುಗುವಾಗ ಕಸ್ಬಾದಲ್ಲಿ ಬಸ್ಸಿಳಿದ ಇಂದಿರಾ ಮನೆಯ ಕಡೆ ತಿರುಗದೆ ನೆಟ್ಟಗೆ ಮೂಲೆಯ ಮಿಠಾಯಿ ಅಂಗಡಿಗೆ ನಡೆದಳು. ಕೈಚೀಲವನ್ನು ಗಂಡನ ಕೈಗಿಟ್ಟು ಮೂರು ಸಂದೇಶ್ ತೆಗೆದುಕೊಂಡಳು. ನಿಂತಲ್ಲೇ ಒಂದು ತಿಂದಳು, ಇನ್ನೊಂದು ತಿಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅಂಗಡಿಯವನು ಶರಣಪ್ಪನ ಕಡೆ ನೋಡಿ, ಪಾಪ, ದಾದಾಗೆ ಸಕ್ಕರೆ ಕಾಯಿಲೆ, ತಿನ್ನುವ ಹಾಗಿಲ್ಲ ಅಲ್ಲವೇ ಎಂದು ಬಂಗಾಳಿಯಲ್ಲಿ ಕೇಳಿದ. ಇಂದಿರಾ ತಿನ್ನುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

"ಇಲ್ಲ," ಎಂದ ಶರಣಪ್ಪ. "ನನಗೆ ಸಕ್ಕರೆ ಕಾಯಿಲೆ ಇಲ್ಲ."

ಇಂದಿರಾ ಮೂರನೆಯದನ್ನೂ ತಾನೇ ತಿಂದಳು.