ತಪ್ಪಿಲ್ಲದ ಎರಡು ಸಾಲು

“ಬಿಚ್ಚೇ ಅದನ್ನ, ಮಾತೆಬೊಹೊ. ಮೂರನೇ ಸಾಲಲ್ಲಿ ಒಂದು ಕುಣಿಕೆ ಬಿಟ್ಟಿದ್ದೀಯ, ನನ್ನ ಕಣ್ಣಿಗೆ ಮಣ್ಣೆರಚಬೇಡ. ಈ ಟೋಪಿ ಹಾಕ್ಕೊಂಡು ನಿನ್ನ ಗಂಡ ಕುರಿ ಹಿಂದೆ ಹೋದ್ರೆ ಕುರಿಗಳೇ ನಗ್ತಾವೆ. ಬಿಚ್ಚಿ ಹೆಣೆದ್ರೆ ಕೈಯೇನು ಸವೆಯಲ್ಲ ಕಣೇ.” ಆಫ್ರಿಕಾದ ಲೆಸೊತೊ ದೇಶದ ಬೆಟ್ಟದೂರೊಂದರ ಚಳಿಯಲ್ಲಿ, ಗುರುವಾರದ ಮಧ್ಯಾಹ್ನ ಗೆಳತಿಯರು ಟೋಪಿ, ಮಫ್ಲರು ಹೆಣೆಯಲು ಮನೆಗೆ ಬಂದರೆಂದರೆ ಮಾಲಿಂಪೊ ಅಜ್ಜಿಯ ಬಾಯಲ್ಲಿ ಇದೇ ಮಂತ್ರ. ಒಂದು ಕುಣಿಕೆ ತಪ್ಪಿದ್ದಕ್ಕೆ ಪಾದ್ರಿಗಳ ಮಫ್ಲರನ್ನು ಅವರ ಕೊರಳಲ್ಲಿದ್ದಾಗಲೇ ಬಿಚ್ಚಲು ಹೊರಟವಳು ಅವಳು. ಯಾವ ಸಾಲು ಯಾರ ಕೈಯದೆಂದು ಕಣ್ಣು ಮುಚ್ಚಿ ಬೆರಳಾಡಿಸಿಯೇ ಹೇಳುತ್ತಾಳೆ. ಚಳಿಗಾಲದ ಮೊದಲಿಗೆ ಗೆಳತಿ ಮಾಪಲೆಸಾ ತೀರಿಕೊಂಡಾಗ ಅವಳು ಅರ್ಧ ಹೆಣೆದ ಮಫ್ಲರು ಕಡ್ಡಿಯಲ್ಲೇ ಉಳಿಯಿತು. ಮಾಲಿಂಪೊಳ ಬುಟ್ಟಿಯಲ್ಲಿರುವ ಅದಕ್ಕೆ ಯಾರೂ ಒಂದು ಸಾಲನ್ನೂ ಸೇರಿಸಿಲ್ಲ. ಆದರೂ ಪ್ರತಿ ಗುರುವಾರ ಎರಡು ಸಾಲು ಹೆಚ್ಚಿರುತ್ತವೆ; ಮಾಪಲೆಸಾಳದೇ ಬಿಗಿ ಕೈ, ಒಂದು ಕುಣಿಕೆಯೂ ತಪ್ಪಿರುವುದಿಲ್ಲ, ನೂಲು ಇನ್ನೂ ಬೆಚ್ಚಗಿರುತ್ತದೆ. ಎಲ್ಲರೂ ಹೋದ ಮೇಲೆ ಮಾಲಿಂಪೊ ಅದನ್ನು ತೊಡೆಯ ಮೇಲಿಟ್ಟುಕೊಂಡು, “ಮುಗಿಸಿದ್ರೆ ನೀನು ಹೊರಟೇ ಬಿಡ್ತೀಯ ಅಲ್ವೇನೇ” ಎಂದು ಮೆಲ್ಲಗೆ ಕೇಳಿ, ತಪ್ಪಿಲ್ಲದ ಆ ಎರಡು ಸಾಲನ್ನೂ ಬಿಚ್ಚುತ್ತಾಳೆ. ಬಿಚ್ಚಿದ ನೂಲನ್ನು ಉಂಡೆ ಸುತ್ತಿ ಬುಟ್ಟಿಗೆ ಹಾಕಿ, ಒಲೆಗೆ ಬೆರಣಿ ಒಟ್ಟಿ, ಮೆಕ್ಕೆಜೋಳದ ಮುದ್ದೆಗೆ ನೀರಿಡುತ್ತಾಳೆ.